ಕಾಗದದಲ್ಲಿಲ್ಲದ ಮಾತು

"ಕಟ್! ಕಟ್! ಕಟ್!"

ಮೂರು ಸಲ ಕೂಗುವಂಥ ತಪ್ಪು ಯಾರು ಮಾಡಿದರಪ್ಪಾ ಎಂದು ರೇಡಿಯೊ ಎಂಬ ಹುಡುಗಿ ತನ್ನ ಸುತ್ತಲೂ ನೋಡಿದಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು.

ಟೋಪಿ ಅಣ್ಣ ಓಡಿಬಂದು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತ. ಡೈರೆಕ್ಟರ್ ಸರ್‌ಗೆ ಅವನೇ ಅಸಿಸ್ಟೆಂಟು. ಕೆಂಪು ಟೋಪಿಯನ್ನು ಮನೆಯೊಳಗೂ ತೆಗೆಯುವವನಲ್ಲ.

"ಪುಟ್ಟಾ, ಹೀರೋ ಸರ್ ಮಾತಾಡ್ತಿರುವಾಗ ನಿನ್ನ ತುಟಿ ಯಾಕೆ ಅಲ್ಲಾಡ್ತಿತ್ತು?"

"ಅಲ್ಲಾಡ್ತಿತ್ತಾ?"

"ಅಲ್ಲಾಡ್ತಿತ್ತಾ ಅಂತೆ! ಅವರ ಪೂರ್ತಿ ಡೈಲಾಗ್ ನೀನೂ ಹೇಳ್ತಿದ್ದೆ. ಸೌಂಡ್ ಒಂದು ಬರ್ತಿರ್ಲಿಲ್ಲ, ಅಷ್ಟೆ."

ಲೈಟಿನವರು, ಕ್ಯಾಮೆರಾದವರು, ಬಾಗಿಲ ಬಳಿ ಟೀ ಕುಡಿಯುತ್ತಿದ್ದವರು ಎಲ್ಲ ನಕ್ಕರು. ರೇಡಿಯೊ ಕೂಡ ನಕ್ಕಳು. ಅವಳಿಗೆ ಅದು ಬೈಗುಳದಂತೆ ಕೇಳಿಸಲೇ ಇಲ್ಲ, ಹೊಗಳಿಕೆಯಂತೆ ಕೇಳಿಸಿತು.

ಅದು ಇವತ್ತು ನಿನ್ನೆಯ ಚಾಳಿಯಲ್ಲ. ಒಂದು ಸಲ ಕಿವಿಗೆ ಬಿದ್ದ ಮಾತು ಅವಳ ತಲೆಯಲ್ಲಿ ಅಂಟು ಹಾಕಿದಂತೆ ಕೂತುಬಿಡುತ್ತಿತ್ತು. ಟಿವಿಯಲ್ಲಿ ಯಾರೇ ಮಾತಾಡಲಿ, ಇಲ್ಲಿ ಇವಳ ತುಟಿ ಜೊತೆಗೇ ಓಡುತ್ತಿತ್ತು. "ಅಮ್ಮಾ, ಈ ರೇಡಿಯೊ ಆಫ್ ಮಾಡು!" ಎಂದು ತಮ್ಮ ಗುಂಡ ಕಿರುಚಿ ಕಿರುಚಿ, ಕೊನೆಗೆ ಮನೆಯಲ್ಲೂ ಸ್ಕೂಲಿನಲ್ಲೂ ಅದೇ ಹೆಸರು ನಿಂತಿತು. ಈ ಸೀರಿಯಲ್‌ನಲ್ಲಿ ಪಾರ್ಟ್ ಸಿಕ್ಕಿದ್ದೂ ಅದರಿಂದಲೇ. ಸೆಲೆಕ್ಷನ್ ದಿನ ಬೇರೆ ಮಕ್ಕಳು ತಮಗೆ ಕೊಟ್ಟ ಸಾಲು ಹೇಳಿದರೆ, ರೇಡಿಯೊ ಇಡೀ ಪುಟವನ್ನೇ ಹೇಳಿಬಂದಿದ್ದಳು.

ಪಾರ್ಟ್ ಚಿಕ್ಕದು. ಮೂರೇ ದಿನದ ಶೂಟಿಂಗು. ಜಗಳವಾಡಿ ಮನೆ ಬಿಟ್ಟುಹೋಗಿದ್ದ ಚಿಕ್ಕಪ್ಪ ಹನ್ನೆರಡು ವರ್ಷದ ಮೇಲೆ ವಾಪಸು ಬರುತ್ತಾನೆ. ಬಾಗಿಲಲ್ಲಿ ಅವನ ತಾಯಿ, ಅಂದರೆ ಅಜ್ಜಿ. ಅಜ್ಜಿಯ ಪಕ್ಕ ಮೊಮ್ಮಗಳು. ಆ ಮೊಮ್ಮಗಳೇ ರೇಡಿಯೊ. ಅವಳಿಗೆ ಇದ್ದದ್ದು ಎರಡು ಮಾತು. "ಅಜ್ಜೀ, ಯಾರೋ ಬಂದಿದ್ದಾರೆ" ಅನ್ನಬೇಕು. ಆಮೇಲೆ ಲೋಟ ತಂದು "ತಗೊಳ್ಳಿ, ನೀರು" ಅನ್ನಬೇಕು. ಅಜ್ಜಿಗೆ ನಾಲ್ಕು ಮಾತಿತ್ತು.

ಬೆಳಿಗ್ಗೆ ಬಂದ ಕೂಡಲೇ ಟೋಪಿ ಅಣ್ಣ ಬೆರಳು ಮಡಿಸಿ ಮಡಿಸಿ ಹೇಳಿದ್ದ: "ಲೆನ್ಸ್ ಕಡೆ ನೋಡ್ಬಾರ್ದು. ನೆಲದ ಮೇಲೆ ಹಳದಿ ಟೇಪ್ ಅಂಟಿಸಿದೀವಲ್ಲ, ಕರೆಕ್ಟಾಗಿ ಅಲ್ಲೇ ನಿಲ್ಬೇಕು. ನಿನ್ನ ಮಾತು ನೀನು ಹೇಳು, ಬೇರೆಯವ್ರ ಮಾತು ಬೇರೆಯವ್ರು ಹೇಳ್ತಾರೆ. ಆಮೇಲೆ..." ನಾಲ್ಕನೇ ಬೆರಳು ಮಡಿಸುವಷ್ಟರಲ್ಲಿ ಅವನನ್ನು ಯಾರೋ ಕೂಗಿದ್ದರು. ಆ ನಾಲ್ಕನೆಯದು ಏನೆಂದು ರೇಡಿಯೊಗೆ ಗೊತ್ತಾಗಲೇ ಇಲ್ಲ.

ಆದರೂ ಮೊದಲ ಶಾಟ್ ಒಂದೇ ಸಲಕ್ಕೆ ಓಕೆ ಆಗಿತ್ತು. ಅವಳು ಒಳಗಿನಿಂದ ಲೋಟ ಹಿಡಿದು ಬಂದು ಅಜ್ಜಿಯ ಪಕ್ಕ ನಿಂತಳು. ಅಜ್ಜಿ ಅವಳ ಹೆಗಲ ಮೇಲೆ ಕೈ ಇಟ್ಟರು. "ತಗೊಳ್ಳಿ, ನೀರು." ಅಷ್ಟೆ. "ಫಸ್ಟ್ ಟೇಕ್ ಓಕೆ! ಮರಿ ಗಟ್ಟಿ ಇದೆ" ಎಂದು ಡೈರೆಕ್ಟರ್ ಸರ್ ಹೆಬ್ಬೆರಳು ತೋರಿಸಿದ್ದರು. ಆವಾಗಿನಿಂದ ರೇಡಿಯೊಳ ಕಾಲು ನೆಲದ ಮೇಲಿರಲಿಲ್ಲ.

ಈಗ ಅಜ್ಜಿಯ ದೊಡ್ಡ ಮಾತಿನ ಸರದಿ.

ಆ ಮಾತನ್ನು ಸೀರಿಯಲ್ ಬರೆಯುವವರು ಅವತ್ತು ಬೆಳಿಗ್ಗೆಯಷ್ಟೇ ಬದಲಾಯಿಸಿ ಫೋನಿನಲ್ಲಿ ಕಳಿಸಿದ್ದರು. ಟೋಪಿ ಅಣ್ಣ ಅದನ್ನು ಒಂದು ಕಾಗದದ ಮೇಲೆ ಗೀಚಿಕೊಂಡು ಬಂದ. ಅಜ್ಜಿ ಕಾಗದವನ್ನು ಮೂಗಿನ ಹತ್ತಿರ ತಂದರು, ದೂರ ಹಿಡಿದರು, ಮತ್ತೆ ಹತ್ತಿರ ತಂದರು. ಅವರು ಹಾಕಿಕೊಂಡಿದ್ದ ಕನ್ನಡಕಕ್ಕೆ ಗಾಜೇ ಇರಲಿಲ್ಲ. ಗಾಜಿದ್ದರೆ ಲೈಟು ಬಿದ್ದು ಹೊಳೆಯುತ್ತದೆ ಎಂದು ಬರೀ ಫ್ರೇಮು ಕೊಟ್ಟಿದ್ದರು. ಅವರ ನಿಜವಾದ ಕನ್ನಡಕ ಹಿತ್ತಿಲಲ್ಲಿ, ಅವರ ಚೀಲದಲ್ಲಿತ್ತು.

"ನೀನೇ ಓದಿಬಿಡಪ್ಪ. ಕೇಳಿಸ್ಕೊಳ್ತೀನಿ" ಎಂದರು ಅಜ್ಜಿ.

ಟೋಪಿ ಅಣ್ಣ ಎರಡು ಸಲ ಓದಿದ. "ಹನ್ನೆರಡು ವರ್ಷ ಈ ಬಾಗಿಲಿಗೆ ಬೀಗ ಹಾಕಿಲ್ಲ. ನೀನೇ ತಟ್ಟಲಿಲ್ಲ."

ರೇಡಿಯೊಗೆ ಎರಡನೇ ಸಲ ಬೇಕಾಗಿರಲಿಲ್ಲ.

"ಆಕ್ಷನ್!"

"ಹನ್ನೆರಡು ವರ್ಷ ಈ ಬಾಗಿಲು... ನೀನು..." ಅಜ್ಜಿ ನಿಂತರು. "ಸಾರಿ ಸರ್. ಇನ್ನೊಂದ್ಸಲ."

"ಪರವಾಗಿಲ್ಲಮ್ಮ. ರೋಲ್ ಮಾಡಿ. ಆಕ್ಷನ್!"

"ಹನ್ನೆರಡು ವರ್ಷ ಈ ಬಾಗಿಲಿಗೆ ಬೀಗ ಹಾಕಿಲ್ಲ..."

ಅಲ್ಲಿಗೆ ನಿಂತಿತು. ಯಾರೂ ಕಟ್ ಅನ್ನಲಿಲ್ಲ. ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಹೊಡೆದಿದ್ದ ಆ ಹಾಲಿನಲ್ಲಿ ಲೈಟುಗಳು ಗುಂಯ್ ಎನ್ನುವುದು ಕೇಳಿಸುತ್ತಿತ್ತು. ಅಜ್ಜಿಯ ಕಣ್ಣು ಮಾತನ್ನು ಹುಡುಕುತ್ತಿತ್ತು. ಅದು ಅಲ್ಲೇ ಎಲ್ಲೋ, ಒಂದು ಹೆಜ್ಜೆ ಆಚೆ ಇದ್ದಂತಿತ್ತು. ಇನ್ನೊಂದು ಉಸಿರು ಕಾದಿದ್ದರೆ ಸಿಕ್ಕಿಯೇಬಿಡುತ್ತಿತ್ತೇನೋ.

ರೇಡಿಯೊಗೆ ತಡೆಯಲಾಗಲಿಲ್ಲ.

"ನೀನೇ ತಟ್ಟಲಿಲ್ಲ! ಅಷ್ಟೇ ಅಜ್ಜಿ. ಎಷ್ಟು ಈಜಿ ಇದೆ!"

ಹಾಲಿಗೆ ಹಾಲೇ ಗೊಳ್ಳೆಂದಿತು. ಚಿಕ್ಕಪ್ಪನ ವೇಷದ ಹೀರೋ ಸರ್ ಹೊಟ್ಟೆ ಹಿಡಿದುಕೊಂಡು, "ಅಮ್ಮಾ, ನೀವು ಮೊಮ್ಮಗಳ ಹತ್ರ ಟ್ಯೂಷನ್‌ಗೆ ಸೇರ್ಕೊಳ್ಳಿ!" ಎಂದರು. ಮತ್ತೆ ನಗು. ಅಜ್ಜಿಯೂ ನಕ್ಕರು. ನಗುತ್ತಲೇ ಶಾಲಿನ ಅಂಚನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು.

ಅದಾದ ಮೇಲೆ ಅಜ್ಜಿಗೆ ಮೊದಲು ಬರುತ್ತಿದ್ದದ್ದೂ ಬರಲಿಲ್ಲ. ಮೂರನೇ ಟೇಕಿನಲ್ಲಿ "ಬೀಗ"ದ ಹತ್ತಿರ ತಡವರಿಸಿದರು. ನಾಲ್ಕನೆಯದರಲ್ಲಿ ಬಾಯಿ ತೆರೆಯುವ ಮೊದಲು ಒಮ್ಮೆ ರೇಡಿಯೊ ಕಡೆ ನೋಡಿದರು, ಇವಳು ಎಲ್ಲಿ ಹೇಳಿಬಿಡುತ್ತಾಳೋ ಎನ್ನುವಂತೆ. ಐದನೆಯದಕ್ಕೆ ಡೈರೆಕ್ಟರ್ ಸರ್ ಗಡಿಯಾರ ನೋಡಿದರು. ಆ ಮನೆ ಅವರಿಗೆ ಬಾಡಿಗೆಗೆ ಸಿಕ್ಕಿದ್ದು ಸಂಜೆ ಆರರವರೆಗೆ ಮಾತ್ರ.

"ಊಟಕ್ಕೆ ಬಿಡಿ" ಎಂದರು.

ಎಲ್ಲರೂ ಹೊರಗೆ ಹೋಗುವಾಗ ಅವರು ರೇಡಿಯೊಳನ್ನು ಹತ್ತಿರ ಕರೆದರು. "ಆ ಬೀಗದ ಮಾತು ನೀನು ಹೇಳ್ತೀ..."

"ಹೇಳ್ತೀನಿ ಸರ್!"

"ಕೇಳೋದು ಮುಗೀಲಿ ತಾಯಿ!" ಅವರು ನಕ್ಕರು. "ನಿನಗೆ ಅವ್ರು ಚಿಕ್ಕಪ್ಪ ಅಲ್ವಾ, 'ನೀನೇ' ಅಲ್ಲ, 'ನೀವೇ ತಟ್ಟಲಿಲ್ಲ' ಅನ್ಬೇಕು." ಆಮೇಲೆ ಟೋಪಿ ಅಣ್ಣನ ಕಡೆ ತಿರುಗಿ, "ಅಮ್ಮನ ಮಾತೆಲ್ಲ ತೆಗೆದುಬಿಡು. ಸುಮ್ನೆ ನಿಂತಿರ್ಲಿ, ಸಾಕು" ಎಂದರು. ಸೆಟ್ಟಿನಲ್ಲಿ ದೊಡ್ಡವರೆಲ್ಲ ಅಜ್ಜಿಯನ್ನು ಅಮ್ಮ ಎಂದೇ ಕರೆಯುತ್ತಿದ್ದರು.

"ಅಮ್ಮಂಗೆ ಹೇಳ್ಬೇಕು ಸರ್."

"ಹೇಳು, ಹೇಳು. ಮೊದ್ಲು ಊಟ ಆಗ್ಲಿ."

ರೇಡಿಯೊ ಒಂದೇ ಉಸಿರಿಗೆ ಓಡಿದಳು. ಅವಳ ಅಮ್ಮ ಕಾಂಪೌಂಡಿನ ಗೋಡೆಯ ನೆರಳಲ್ಲಿ ಊಟದ ಡಬ್ಬ ಹಿಡಿದು ಕೂತಿದ್ದಳು. ಬಟ್ಟೆ ಹೊಲಿಯುವ ಅಂಗಡಿಗೆ ಮೂರು ದಿನ ರಜೆ ಹಾಕಿ ಮಗಳ ಜೊತೆ ಬಂದಿದ್ದಳು.

"ಅಮ್ಮಾ, ಅಮ್ಮಾ, ನಂಗೆ ದೊಡ್ಡ ಡೈಲಾಗ್ ಸಿಕ್ತು!"

"ಹೌದೇನೇ! ಯಾರದು?"

"ಅಜ್ಜೀದು."

ಮುಚ್ಚಳ ತೆಗೆಯುತ್ತಿದ್ದ ಅಮ್ಮನ ಕೈ ನಿಂತಿತು. "ಹಾಗಾದ್ರೆ ಅವ್ರಿಗೆ ಏನು ಉಳೀತು?"

"ಅವ್ರು ಸುಮ್ನೆ ನಿಂತ್ಕೊಳ್ತಾರೆ."

ಅಮ್ಮ ಮುಚ್ಚಳ ತೆಗೆದಳು. ಡಬ್ಬವನ್ನು ಅವಳ ಕೈಗಿಟ್ಟು, "ತಿನ್ನು" ಎಂದಳಷ್ಟೆ.

ಎರಡು ತುತ್ತು ತಿಂದಿದ್ದಳೋ ಇಲ್ಲವೋ, ಕಂಟಿನ್ಯೂಟಿ ಅಕ್ಕ ಕೂಗಿದಳು. ಯಾವ ಶಾಟಿನಲ್ಲಿ ಯಾರ ಕೈಯಲ್ಲಿ ಏನಿತ್ತು, ಯಾರ ಕೂದಲು ಯಾವ ಕಡೆಗಿತ್ತು ಎಂದು ಬರೆದಿಡುವುದೇ ಆ ಅಕ್ಕನ ಕೆಲಸ. ಇಲ್ಲದಿದ್ದರೆ ಬಲಗೈಯ ಲೋಟ ಮುಂದಿನ ಶಾಟಿನಲ್ಲಿ ಎಡಗೈಗೆ ಹಾರಿಬಿಡುತ್ತದೆ.

"ಬಾ ಇಲ್ಲಿ. ಬೆಳಿಗ್ಗೆ ಲೋಟ ಯಾವ ಕೈಲಿ ಹಿಡಿದಿದ್ದೆ, ನೀನೇ ನೋಡ್ಕೋ. ಊಟ ಆದ್ಮೇಲೆ ಹಾಗೇ ಹಿಡೀಬೇಕು."

ಚಿಕ್ಕ ಟಿವಿಯಂಥ ಮಾನಿಟರ್‌ನಲ್ಲಿ ರೇಡಿಯೊಗೆ ರೇಡಿಯೊಳೇ ಕಾಣಿಸಿದಳು. ಒಳಗಿನಿಂದ ಲೋಟ ಹಿಡಿದು ಬಂದಳು. ಬಲಗೈ. ನಿಂತಳು. ಅವಳ ಅರ್ಧ ಮುಖ ಕಪ್ಪಾಗಿತ್ತು.

ಆಗ ಅಜ್ಜಿಯ ಕೈ ಬಂತು. ಮೊಮ್ಮಗಳನ್ನು ಮುದ್ದಿಸುವ ಹಾಗೆ ಹೆಗಲ ಮೇಲೆ ಕೂತಿತು. ಕೂತದ್ದು ಅವಳನ್ನು ಮೆಲ್ಲಗೆ, ಅರ್ಧ ಹೆಜ್ಜೆ, ತನ್ನ ಕಡೆಗೆ ಎಳೆದುಕೊಂಡಿತು. ಮುಖದ ಕಪ್ಪು ಜಾರಿಹೋಯಿತು. ಬೆಳಕು ಬಂತು. "ತಗೊಳ್ಳಿ, ನೀರು."

"ಅಕ್ಕಾ, ಇನ್ನೊಂದ್ಸಲ ಹಾಕಿ."

ಅಕ್ಕ ಮತ್ತೆ ಹಾಕಿದಳು.

"ನಾನು... ಟೇಪ್ ಮೇಲೆ ನಿಂತಿರ್ಲಿಲ್ವಾ?"

"ಎಲ್ಲಿ ನಿಂತಿದ್ದೆ! ಬಾಗಿಲ ನೆರಳು ಪೂರ್ತಿ ನಿನ್ನ ಮೂತಿ ಮೇಲಿತ್ತು. ಅಮ್ಮ ಸರಿ ಮಾಡಿದ್ರು ನೋಡು."

"ಅಜ್ಜಿ ನಂಗೆ ಹೇಳ್ಲೇ ಇಲ್ಲ."

"ಹೇಳಿದ್ರೆ ಕಟ್ ಆಗ್ತಿತ್ತಲ್ಲ ಮರೀ" ಎಂದಳು ಅಕ್ಕ, ಪುಸ್ತಕದಲ್ಲಿ 'ಲೋಟ, ಬಲ' ಎಂದು ಬರೆದುಕೊಳ್ಳುತ್ತ. "ಸರ್‌ಗೂ ಗೊತ್ತಾಗಿಲ್ಲ ಅದು. ನಂಗೂ ಈಗ್ಲೇ ಕಂಡಿದ್ದು."

ಫಸ್ಟ್ ಟೇಕ್ ಓಕೆ. ಮರಿ ಗಟ್ಟಿ ಇದೆ. 'ಎಷ್ಟು ಈಜಿ ಇದೆ' ಎಂದ ತನ್ನದೇ ದನಿ ತಲೆಯೊಳಗೆ ಕೇಳಿಸಿತು. ಒಂದು ಸಲ ಕೇಳಿದ್ದು ಅವಳಿಗೆ ಮರೆಯುವುದಿಲ್ಲವಲ್ಲ, ಅದೂ ಮರೆಯುವ ಹಾಗಿರಲಿಲ್ಲ.

ಅವಳು ಡಬ್ಬ ಅಮ್ಮನಿಗೆ ಕೊಟ್ಟು ಹಿತ್ತಿಲಿಗೆ ಹೋದಳು.

ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಅಜ್ಜಿ ಕೂತಿದ್ದರು. ಸ್ಟೂಲು ಅವರದೇ, ಮನೆಯಿಂದ ತಂದದ್ದು. ಹೆಗಲ ಮೇಲಿದ್ದ ಶಾಲೂ ಅವರದೇ. ಚಿಕ್ಕ ಪಾರ್ಟಿನವರಿಗೆ ಸೆಟ್ಟಿನಲ್ಲಿ ಕುರ್ಚಿ ಹುಡುಕುವವರು ಯಾರೂ ಇರುವುದಿಲ್ಲ. ಗಾಜಿಲ್ಲದ ಫ್ರೇಮು ಮಡಿಲಲ್ಲಿತ್ತು. ನಿಜವಾದ ಕನ್ನಡಕ ಮೂಗಿನ ಮೇಲಿತ್ತು. ಕೈಯಲ್ಲಿ ಟೋಪಿ ಅಣ್ಣನ ಕಾಗದ.

"ಬಾ ಮಗು" ಎಂದರು. "ಆ ನಿನ್ನ ಜ್ಞಾಪಕಶಕ್ತಿ ನಂಗೂ ಒಂದು ಚಮಚ ಕೊಡೇ."

ರೇಡಿಯೊ ಕಲ್ಲಿನ ತುದಿಯಲ್ಲಿ ಕೂತಳು.

"ಎರಡು ವರ್ಷ ಆಯ್ತು ನೋಡು, ನನಗೆ ಮಾತು ಅಂತ ಸಿಕ್ಕಿ. ಹೋದ ಸಲ ಕೋಮಾದಲ್ಲಿದ್ದೆ. ಹದಿನೆಂಟು ಎಪಿಸೋಡು ಕೋಮಾ! ಕೆಮ್ಮು ಬಂದ್ರೆ ಕೆಮ್ಮೋ ಹಾಗಿಲ್ಲ, ಸೊಳ್ಳೆ ಕಚ್ಚಿದ್ರೆ ಹೊಡೆಯೋ ಹಾಗಿಲ್ಲ."

ರೇಡಿಯೊಗೆ ನಗು ಬಂದುಬಿಟ್ಟಿತು. ಬಂದದ್ದಕ್ಕೆ ಇನ್ನಷ್ಟು ನಾಚಿಕೆಯಾಯಿತು.

"ನಿನ್ನೆ ನನ್ನ ಮಗಳಿಗೆ ಫೋನ್ ಮಾಡಿ ಹೇಳಿದ್ದೆ. ಈ ಸಲ ಮಲಗಿರೋ ಪಾರ್ಟಲ್ಲ ಕಣೇ, ನಾಲ್ಕು ಮಾತಿದೆ, ನೋಡು ಅಂತ." ಅಜ್ಜಿ ಕಾಗದವನ್ನು ಮಂಡಿಯ ಮೇಲೆ ಬೋರಲು ಹಾಕಿದರು. "ಈಗ ಬಂದಿದೆ ಅನ್ಸುತ್ತೆ. ಕೇಳು. ತಪ್ಪಿದ್ರೆ ಹೇಳು."

ಅವರು ಕಣ್ಣು ಮುಚ್ಚಿದರು. ತೆರೆದರು. ಎದುರಿಗಿದ್ದ ಖಾಲಿ ಗೋಡೆಯನ್ನು ನೋಡಿದರು. ಅಲ್ಲಿ ಯಾರೋ ನಿಂತಿದ್ದಾರೆ ಎಂದು ರೇಡಿಯೊಗೂ ಅನ್ನಿಸಿತು.

"ಹನ್ನೆರಡು ವರ್ಷ ಈ ಬಾಗಿಲಿಗೆ ಬೀಗ ಹಾಕಿಲ್ಲ." ಆಮೇಲೆ ಒಂದು ಚೂರು ಸುಮ್ಮನಿದ್ದರು. ದನಿ ತಗ್ಗಿತು. "ನೀನೇ ತಟ್ಟಲಿಲ್ಲ."

ಅವಳಿಗೆ ಆ ಮಾತು ಬಾಯಿಗೆ ಬಂದಿತ್ತು, ನಿಜ. ಆದರೆ ಅದರೊಳಗೆ ಇಷ್ಟೆಲ್ಲ ಇದೆ ಎಂದು ಗೊತ್ತಿರಲಿಲ್ಲ.

"ಸರಿ ಇದೆಯಾ?"

"ಹ್ಞೂಂ."

"ಪೂರ್ತಿ?"

"ಪೂರ್ತಿ, ಅಜ್ಜಿ."

ಹೇಳು, ಈಗಲೇ ಹೇಳಿಬಿಡು, ಎಂದು ಒಳಗಿನಿಂದ ಯಾರೋ ಗುದ್ದುತ್ತಿದ್ದರು. ಆ ಮಾತು ಈಗ ನಿಮ್ಮದಲ್ಲ ಅಜ್ಜಿ, ನನಗೆ ಕೊಟ್ಟಿದ್ದಾರೆ. ಅಷ್ಟೇ ತಾನೆ? ಬೆಳಿಗ್ಗೆ ಹಿಡಿಯಲು ಸಿಗದೆ ಓಡಿದ ನಾಲಿಗೆ ಈಗ ಅಂಗುಳಕ್ಕೆ ಅಂಟಿಕೊಂಡಿತ್ತು. ಅಜ್ಜಿ ಕಾಗದ ತಿರುಗಿಸಿ ಮತ್ತೆ ಮೊದಲಿನಿಂದ ಶುರುಮಾಡಿದರು. ಒಂದೊಂದು ಸಲವೂ ಸರಿಯಾಗಿಯೇ ಬರುತ್ತಿತ್ತು.

"ಎಲ್ಲಾ ಬನ್ರಪ್ಪಾ, ಶಾಟ್ ರೆಡಿ!" ಒಳಗಿನಿಂದ ಕೂಗು ಬಂತು.

ಹಾಲಿನಲ್ಲಿ ಅಜ್ಜಿ ತಮ್ಮ ಜಾಗಕ್ಕೆ ಹೋಗಿ ಶಾಲು ಸರಿಮಾಡಿಕೊಂಡರು. ಟೋಪಿ ಅಣ್ಣ ಅವರ ಹತ್ತಿರ ಬಂದ.

"ಅಮ್ಮಾ, ನೀವು ಇಲ್ಲೇ ನಿಂತಿರಿ. ಬೀಗದ ಡೈಲಾಗ್ ಪಾಪು ಹೇಳ್ತಾಳೆ."

"ಪಾಪುನಾ?" ಅಜ್ಜಿ ಅವನ ಮುಖ ನೋಡಿದರು. "ಮಿಕ್ಕ ಮೂರು ಮಾತು?"

"ಮಿಕ್ಕಿದ್ದು... ಇಲ್ಲಮ್ಮ. ಟೈಮಿಲ್ಲ ಅಂತ ಸರ್ ತೆಗೆದ್ರು." ಅವತ್ತು ಮೊದಲ ಸಲ ಅವನು ಟೋಪಿ ತೆಗೆದ. ತಲೆ ಕೆರೆದುಕೊಂಡು ಮತ್ತೆ ಹಾಕಿಕೊಂಡ. "ಊಟದ ಹೊತ್ತಲ್ಲೇ ಹೇಳ್ಬೇಕಿತ್ತು. ಗಡಿಬಿಡೀಲಿ ಮರೆತೇ ಹೋಯ್ತು."

"ಆಯ್ತಪ್ಪ."

ಅಜ್ಜಿ ಕಾಗದವನ್ನು ಎರಡಾಗಿ ಮಡಿಸಿದರು, ನಾಲ್ಕಾಗಿ ಮಡಿಸಿದರು, ಶಾಲಿನ ಒಳಮಡಿಕೆಗೆ ಸೇರಿಸಿದರು. ಆಮೇಲೆ ಕೇಳಿದರು: "ಪಾಪುಗೆ ಗೊತ್ತಾ?"

"ಓ, ಆಗ್ಲೇ. ಊಟಕ್ಕೆ ಮುಂಚೆನೇ ಸರ್ ಹೇಳಿದ್ರಲ್ಲ."

ಅಜ್ಜಿ ತಿರುಗಿ ರೇಡಿಯೊಳನ್ನು ನೋಡಿದರು.

ಆ ನೋಟದಲ್ಲಿ ಸಿಟ್ಟು ಇದ್ದಿದ್ದರೆ ಎಷ್ಟೋ ವಾಸಿಯಿತ್ತು. ಸ್ಕೂಲಿನಲ್ಲಿ ಮಿಸ್ ಸಿಟ್ಟಾದರೆ ತಲೆ ಬಗ್ಗಿಸಿ ನಿಂತರೆ ಮುಗಿಯುತ್ತದೆ. ಅಜ್ಜಿ ಸಿಟ್ಟಾಗಲಿಲ್ಲ. ಹಿತ್ತಿಲಿನ ಕಲ್ಲು, ಸ್ಟೂಲು, 'ಪೂರ್ತಿ, ಅಜ್ಜಿ' ಎಂದ ಮಾತು, ಎಲ್ಲವನ್ನೂ ಒಮ್ಮೆ ಹಿಂದಕ್ಕೆ ಹೋಗಿ ನೋಡಿಬಂದವರಂತೆ ಒಂದು ಸಲ ರೆಪ್ಪೆ ಮುಚ್ಚಿ ತೆರೆದರು. ನಿಜವಾದ ಕನ್ನಡಕ ತೆಗೆದು ಟೋಪಿ ಅಣ್ಣನ ಕೈಗೆ ಕೊಟ್ಟು, ಗಾಜಿಲ್ಲದ್ದನ್ನು ಹಾಕಿಕೊಂಡರು.

ರೇಡಿಯೊಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ನೆಲದ ಮೇಲೆ ಹಳದಿ ಟೇಪಿತ್ತು. ಈ ಸಲ ಎರಡು ಕಾಲನ್ನೂ ಸರಿಯಾಗಿ ಅದರ ಮೇಲೆಯೇ ಇಟ್ಟಳು.

"ಸರ್" ಎಂದಳು, "ಅಜ್ಜಿಗೆ ಆ ಮಾತು..."

"ಸೈಲೆನ್ಸ್!" ಬಾಗಿಲ ಬಳಿಯಿಂದ ಯಾರೋ ಅರಚಿದರು. ಟೀ ಲೋಟಗಳು ಕೆಳಗಿಳಿದವು. ಫ್ಯಾನು ನಿಂತಿತು.

"ಆಕ್ಷನ್!"

ಚಿಕ್ಕಪ್ಪ ಬಾಗಿಲಲ್ಲಿ ನಿಂತಿದ್ದರು. ಲೋಟದ ನೀರು ಕುಡಿದರು. ತಮ್ಮ ಮಾತು ಹೇಳಿದರು: "ಒಳಗೆ ಬರೋಕೆ ಹೆದರಿಕೆ ಆಯ್ತು." ರೇಡಿಯೊಳ ತುಟಿ ಅಲ್ಲಾಡಲಿಲ್ಲ.

ಈಗ ಅವಳ ಮಾತು.

ಬಾಯಿ ತೆರೆದಳು. ಒಳಗೆ ಏನೂ ಇರಲಿಲ್ಲ.

ಹುಟ್ಟಿದಾಗಿನಿಂದ ಒಂದು ಪದ್ಯ, ಒಂದು ಮಗ್ಗಿ, ಒಂದು ಜಾಹೀರಾತು ಮರೆಯದಿದ್ದವಳಿಗೆ ಎರಡು ಸಾಲು ಮರೆತುಹೋಗಿತ್ತು. ಹನ್ನೆರಡು... ಏನು ಹನ್ನೆರಡು? ಲೈಟುಗಳು ಗುಂಯ್ ಎಂದವು. ಇಷ್ಟೊಂದು ಜನ ನೋಡುತ್ತಿರುವಾಗ ಮಾತು ಸಿಗದೆ ನಿಲ್ಲುವುದು ಹೀಗಿರುತ್ತದಾ? ಬೆಳಿಗ್ಗೆ ಅಜ್ಜಿ ನಿಂತಿದ್ದದ್ದು ಇಲ್ಲೇನಾ?

ಈಗ ಯಾರಾದರೂ ನಗುತ್ತಾರೆ ಎಂದು ಅವಳು ಕಾದಳು.

ಹೆಗಲ ಮೇಲೆ ಒಂದು ಕೈ ಬಂದು ಕೂತಿತು. ಹಗುರವಾದ, ಬೆಚ್ಚಗಿನ ಕೈ.

"ಹೇಳು, ಮಗು" ಎಂದರು ಅಜ್ಜಿ.

ಅವರು ಚಿಕ್ಕಪ್ಪನ ಮುಖದಿಂದ ಕಣ್ಣು ತೆಗೆದಿರಲಿಲ್ಲ. ಮಗನ ಜೊತೆ ಮಾತಾಡಲು ತನಗೆ ದನಿಯೇ ಉಳಿದಿಲ್ಲ, ನನ್ನ ಪರವಾಗಿ ನೀನೇ ಹೇಳು ಎನ್ನುವಂತೆ ಹೇಳಿದ್ದರು.

"ಹನ್ನೆರಡು ವರ್ಷ ಈ ಬಾಗಿಲಿಗೆ ಬೀಗ ಹಾಕಿಲ್ಲ." ರೇಡಿಯೊ ಒಂದು ಚೂರು ಸುಮ್ಮನಿದ್ದಳು. ಬೇಕೆಂದೇ ಅಲ್ಲ, ಅಳು ಬರುತ್ತಿತ್ತು. "ನೀವೇ ತಟ್ಟಲಿಲ್ಲ."

"ಕಟ್! ಓಕೆ! ಸೂಪರ್!" ಡೈರೆಕ್ಟರ್ ಸರ್ ಕುರ್ಚಿಯಿಂದ ಎದ್ದೇಬಿಟ್ಟರು. "ಏನ್ ಗ್ಯಾಪ್ ಕೊಟ್ಟೆ ಮರೀ! ಎಲ್ಲಿ ಕಲ್ತೆ ಇದನ್ನ?"

ಚಪ್ಪಾಳೆ ಬಿತ್ತು. ಎಲ್ಲರೂ ಅವಳ ಕಡೆಗೇ ನಗುತ್ತಿದ್ದರು. ಇದನ್ನು ಹಾಗೇ ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಬೆಳಗಿನ ಟೇಪಿನ ಹಾಗೆ.

"ಗ್ಯಾಪ್ ಅಲ್ಲ ಸರ್" ಎಂದಳು. "ನಂಗೆ ಮರೆತುಹೋಗಿತ್ತು."

ನಗು ಅರ್ಧಕ್ಕೆ ನಿಂತಿತು.

"ಅಜ್ಜಿ ಹೇಳು ಅಂದ್ರಲ್ಲ, ಆಗ ನೆನಪಾಯ್ತು. ಬೆಳಿಗ್ಗೆ ಫಸ್ಟ್ ಶಾಟಲ್ಲೂ ನಾನು ಟೇಪ್ ಮೇಲೆ ನಿಂತಿರ್ಲಿಲ್ಲ. ಅಜ್ಜೀನೇ ಎಳ್ಕೊಂಡಿದ್ದು."

ಡೈರೆಕ್ಟರ್ ಸರ್ ಅಜ್ಜಿಯ ಕಡೆ ನೋಡಿದರು. "ಹೌದಾಮ್ಮ? 'ಹೇಳು ಮಗು' ಸ್ಕ್ರಿಪ್ಟಲ್ಲಿ ಇರ್ಲಿಲ್ವಲ್ಲ?"

"ಸೀನಲ್ಲಿ ಇತ್ತಲ್ಲ ಸರ್" ಎಂದರು ಅಜ್ಜಿ.

ಡೈರೆಕ್ಟರ್ ಸರ್ ಮಾನಿಟರ್‌ನಲ್ಲಿ ಶಾಟನ್ನು ಇನ್ನೊಮ್ಮೆ ನೋಡಿ, "ಇರ್ಲಿ. ಅದನ್ನ ಇಟ್ಕೊಳ್ಳೋಣ" ಎಂದ ಮೇಲೆ ಎಲ್ಲರೂ ಮುಂದಿನ ಶಾಟಿಗೆ ಲೈಟು ಎಳೆಯತೊಡಗಿದರು.

ಸಂಜೆ ಪ್ಯಾಕಪ್ ಆದಾಗ ಅಜ್ಜಿ ಗೇಟಿನ ಬಳಿ ಸ್ಟೂಲನ್ನು ಚೀಲಕ್ಕೆ ಕಟ್ಟುತ್ತಿದ್ದರು. ರೇಡಿಯೊ ಬರಿಗಾಲಲ್ಲಿ ಓಡಿಬಂದಳು. ಅಮ್ಮ ಹಿಂದೆ, ಸ್ವಲ್ಪ ದೂರದಲ್ಲಿ ನಿಂತುಕೊಂಡಳು.

"ಅಜ್ಜಿ, ನಾಳೆ ಬರ್ತೀರಾ?"

"ನಾಳೆ ಇಲ್ಲಿ ನಂದೇನಿಲ್ಲ ಮಗು. ಬೇರೆ ಸೀರಿಯಲ್ಲು. ಮದುವೆ ಮನೆ, ಹಿಂದಿನ ಸಾಲು."

"ಅಜ್ಜಿ, ನಾನು..."

ಮುಂದಿನದು ಬರಲಿಲ್ಲ. ಅಜ್ಜಿ ಹಗ್ಗದ ಗಂಟು ಬಿಟ್ಟು ನೆಟ್ಟಗೆ ನಿಂತರು. ರೇಡಿಯೊ ಏನು ಹೇಳಲಿದ್ದಾಳೆಂದು ಅವರಿಗೆ ಗೊತ್ತಿತ್ತು. ಅದು ಅವರ ಮುಖದಲ್ಲೇ ಕಾಣುತ್ತಿತ್ತು. ಆದರೂ ಹೇಳಿಕೊಡಲಿಲ್ಲ, 'ಇರ್ಲಿ ಬಿಡು' ಎಂದು ಮಧ್ಯೆ ಬಾಯಿ ಹಾಕಲೂ ಇಲ್ಲ. ಬಸ್ಸಿಗೆ ಹೊತ್ತಾಗುತ್ತಿದ್ದರೂ ಕಾದರು. ರಸ್ತೆಯಲ್ಲಿ ಒಂದು ಸೈಕಲ್ಲು ಹೋಯಿತು. ಇನ್ನೊಂದು ಹೋಯಿತು.

"ನಂಗೆ ಊಟದ ಹೊತ್ತಿಗೇ ಗೊತ್ತಿತ್ತು" ಎಂದಳು ರೇಡಿಯೊ. "ನೀವು ಹಿತ್ತಿಲಲ್ಲಿ ಹೇಳ್ಕೊಳ್ತಿದ್ದಾಗ. ನಾನು ಹೇಳ್ಲಿಲ್ಲ. ಬೆಳಿಗ್ಗೆ ಹಾಗೆ ಅಂದಿದ್ದೂ... ತಪ್ಪಾಯ್ತು ಅಜ್ಜಿ."

"ಹ್ಞೂಂ" ಎಂದರು ಅಜ್ಜಿ. ಆಮೇಲೆ ಚೀಲ ಹೆಗಲಿಗೇರಿಸಿಕೊಂಡರು. "ಚಪ್ಪಲಿ ಹಾಕ್ಕೊಂಡು ಓಡಾಡು. ಸೆಟ್ಟಲ್ಲಿ ಮೊಳೆ ಬಿದ್ದಿರುತ್ತೆ."

ಅವರು ಬಸ್‌ಸ್ಟಾಪಿನ ಕಡೆ ಹೋದರು. ಚೀಲದಿಂದ ಹೊರಗೆ ಚಾಚಿದ್ದ ಸ್ಟೂಲಿನ ನಾಲ್ಕು ಕಾಲು ಅಲುಗುತ್ತ ಅಲುಗುತ್ತ ತಿರುವಿನಲ್ಲಿ ಮರೆಯಾಯಿತು.

ಮೂರು ವಾರದ ಮೇಲೆ ಆ ಎಪಿಸೋಡು ಬಂತು. ಸಂಜೆ ಏಳಕ್ಕೆ ರೇಡಿಯೊಳ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಹಡಿ ಮನೆ ಆಂಟಿ ಅರ್ಧ ಗಂಟೆ ಮೊದಲೇ ಬಂದು ಒಳ್ಳೆಯ ಕುರ್ಚಿ ಹಿಡಿದಿದ್ದರು. ಗುಂಡ ಟಿವಿಗೆ ಮೂಗು ತಾಗಿಸಿ ಕೂತಿದ್ದ.

"ಬಂದ್ಲು, ಬಂದ್ಲು! ನಮ್ಮ ರೇಡಿಯೊ ಬಂದ್ಲು!"

ಪರದೆಯ ಮೇಲೆ ಅವಳು ಲೋಟ ಹಿಡಿದು ಬಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ರೇಡಿಯೊ ತನ್ನ ಮುಖ ನೋಡಲಿಲ್ಲ. ಪಕ್ಕದಲ್ಲಿದ್ದ ಶಾಲಿನ ಅಂಚನ್ನು ನೋಡುತ್ತಿದ್ದಳು. ಚಿಕ್ಕಪ್ಪ ಮಾತಾಡುತ್ತಿದ್ದಷ್ಟು ಹೊತ್ತೂ ಅಜ್ಜಿ ಸುಮ್ಮನೆ ನಿಂತಿರಲಿಲ್ಲ. ಕೇಳುತ್ತಿದ್ದರು. ಒಂದೊಂದು ಮಾತಿಗೂ ಅವರ ಮುಖ ಒಂದೊಂದು ಥರ ಆಗುತ್ತಿತ್ತು. ಶೂಟಿಂಗಿನ ದಿನ ಪಕ್ಕದಲ್ಲೇ ನಿಂತಿದ್ದರೂ ರೇಡಿಯೊ ಅದನ್ನು ನೋಡಿರಲಿಲ್ಲ.

ಗುಂಡ ಹಿಂದಕ್ಕೆ ತಿರುಗಿ ಅಕ್ಕನ ಮುಖವನ್ನೇ ದಿಟ್ಟಿಸಿದ. "ಅಮ್ಮಾ! ರೇಡಿಯೊ ಆಫ್ ಆಗಿದೆ! ತುಟೀನೇ ಅಲ್ಲಾಡ್ತಿಲ್ಲ!"

"ಸುಮ್ನಿರೋ" ಎಂದಳು ಅಮ್ಮ.

"ಅಯ್ಯೋ, ಪಾಪ" ಎಂದರು ಮಹಡಿ ಮನೆ ಆಂಟಿ, "ಆ ಅಜ್ಜಿಗೆ ಒಂದು ಮಾತೂ ಇಲ್ವಲ್ಲ."

"ಇದೆ ಆಂಟಿ" ಎಂದಳು ರೇಡಿಯೊ. "ಈಗ ಬರುತ್ತೆ."

ಎಲ್ಲರೂ ಟಿವಿ ಕಡೆ ನೋಡಿದರು. ಅಲ್ಲಿ ಹುಡುಗಿ ಬಾಯಿ ತೆರೆದು ನಿಂತಿದ್ದಳು. ಮಾತು ಬರಲಿಲ್ಲ. ಕೋಣೆಯಲ್ಲಿ ಯಾರೂ ಅಲುಗಲಿಲ್ಲ. ಹೆಗಲ ಮೇಲೆ ಒಂದು ಕೈ ಬಂತು.

ಅವತ್ತು ರೇಡಿಯೊಳ ತುಟಿ ಅಲ್ಲಾಡಿದ್ದು ಆಗ ಮಾತ್ರ. ಸದ್ದಿಲ್ಲದೆ, ಅಜ್ಜಿಯ ಜೊತೆಗೇ.

"ಹೇಳು, ಮಗು."